ಪಟದಲ್ಲಿದ್ದವರು ಯಾವ ತಲೆಮಾರಿನವರು?

ನಮ್ಮ ಸೇಡಂ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. ಹಾಗಾಗಿ ಹಳೆಯ ಪಟದಲ್ಲಿರುವವರ ಹೆಸರು ಸಿಕ್ಕರೂ ಅವರು ಯಾರೆಂಬುದು ತೀರ್ಮಾನವಾಗುವುದಿಲ್ಲ. ನಮ್ಮ ಪಡಸಾಲೆಯ ಪಟದಲ್ಲಿ ರುಮಾಲು ಸುತ್ತಿ, ಎದೆಯ ಮೇಲೆ ಬೆಳ್ಳಿ ಕರಡಿಗೆ ಧರಿಸಿ ಕುರ್ಚಿಯಲ್ಲಿ ಕುಳಿತವರು ಮನೆತನದ ಹಿರಿಯ ಪಾಟೀಲರೆಂದೇ ಎಲ್ಲರೂ ಹೇಳುತ್ತಿದ್ದರು. ಅವರ ಮೊಮ್ಮಗನಿಗೂ, ಅಂದರೆ ನನ್ನ ಮುತ್ತಜ್ಜನಿಗೂ ಅದೇ ಹೆಸರು. ಹೆಳವರು ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು ವಂಶಾವಳಿ ಓದಿದಾಗ ಈ ಹೆಸರು ಎರಡು ಬಾರಿ ಬಂದದ್ದನ್ನು ಕೇಳಿಯೇ ನಾನು ಹುಡುಕಲು ಹೊರಟೆ.

ಪಟದ ಕಟ್ಟು ಬಿಚ್ಚಿಸಿದೆ. ಒಂದು ಅಂಚು ಗಾಜಿಗೆ ಅಂಟಿಕೊಂಡಿತ್ತು. ಎಳೆದರೆ ಚಿತ್ರದ ಪದರವೇ ಕಿತ್ತುಬರುತ್ತದೆ, ಆದ್ದರಿಂದ ಹಾಗೆಯೇ ಬಿಟ್ಟೆ. ರಟ್ಟಿನ ಹಿಂದೆ ಉರ್ದುವಿನಲ್ಲಿ ಹೆಸರು, ಅದರ ಕೆಳಗೆ ‘ಬಹಮನ್ 1338’. ನಿವೃತ್ತ ಉರ್ದು ಶಿಕ್ಷಕರೊಬ್ಬರು ಓದಿಕೊಟ್ಟರು.

ಇಡೀ ಪ್ರಶ್ನೆ ನಿಂತದ್ದು ಈ ಅಂಕಿಯ ಮೇಲೆ. ಹಿಜರಿ 1338 ಎಂದರೆ 1919-20. ಆದರೆ ನಮ್ಮ ಸೇಡಂ ಆಗ ಸೇರಿದ್ದ ನಿಜಾಮರ ಸಂಸ್ಥಾನದ ಆಡಳಿತ ನಡೆಯುತ್ತಿದ್ದದ್ದು ಫಸಲಿ ವರ್ಷದಲ್ಲಿ, ಅಂದರೆ ಕಂದಾಯದ ಲೆಕ್ಕದ ವರ್ಷದಲ್ಲಿ. ಅದು ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. 590 ಕೂಡಿಸಿದರೆ ಇಸವಿ ಸಿಗುತ್ತದೆ. ಆ ಲೆಕ್ಕದಲ್ಲಿ 1928-29. ಎರಡರಲ್ಲಿ ಯಾವುದು? ‘ಬಹಮನ್’ ಫಸಲಿಯ ತಿಂಗಳು, ಹಿಜರಿಯಲ್ಲಿ ಅದಿಲ್ಲ. ಹಳೆಯ ಕಾಗದದಲ್ಲಿ ಇಸವಿಗಿಂತ ಮೊದಲು ತಿಂಗಳನ್ನು ನೋಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಟ್ರಂಕಿನಲ್ಲಿದ್ದ ವಿರಾಸತ್ (ವಾರಸುದಾರಿಕೆ) ಕಾಗದದ ನಕಲು ಫಸಲಿ 1330ರದು. ಹಿರಿಯ ಪಾಟೀಲರು ತೀರಿಕೊಂಡು ಜಮೀನು ಮಗನ ಹೆಸರಿಗೆ ಬಂದದ್ದು ಅದರಲ್ಲಿತ್ತು. ಅಂದರೆ 1338ಕ್ಕೆ ಅವರು ಬದುಕಿರಲಿಲ್ಲ.

ಆದರೂ ಅದು ಕಟ್ಟು ಹಾಕಿಸಿದ ದಿನಾಂಕವಾಗಿದ್ದರೆ? ಈ ಅನುಮಾನ ಉಳಿಯಿತು. ಪಟವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿಸಿದಾಗ ಎಡಗೈಯ ಕಿರುಬೆರಳು ಒಳಕ್ಕೆ ಮಡಚಿದಂತೆ ಕಂಡಿತು. ಸೋದರತ್ತೆಗೆ ಪಟ ತೋರಿಸದೆ, ‘ಅತ್ತೆ, ನಿಮ್ಮ ಮುತ್ಯಾನ ಕೈ ಹೇಗಿತ್ತು?’ ಎಂದಷ್ಟೇ ಕೇಳಿದೆ. ನಮ್ಮ ಕಡೆ ಮುತ್ಯಾ ಎಂದರೆ ಅಜ್ಜ; ಅತ್ತೆಯ ಅಜ್ಜ ನನಗೆ ಮುತ್ತಜ್ಜ. ‘ಎಡಗೈ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಗಾಣಕ್ಕೆ ಸಿಕ್ಕಿತ್ತಂತೆ’ ಎಂದರು. ಪಟದಲ್ಲಿದ್ದವರು ನನ್ನ ಮುತ್ತಜ್ಜ.

ಕುರ್ಚಿಯ ಪಕ್ಕ ನಿಂತ ಹುಡುಗ ಯಾರೆಂದು ಇನ್ನೂ ಹುಡುಕುತ್ತಿದ್ದೇನೆ. ಹೆಳವರು ಮತ್ತೆ ಬಂದಾಗ ಆ ತಲೆಮಾರಿನ ಗಂಡುಮಕ್ಕಳ ಹೆಸರನ್ನೆಲ್ಲ ಬರೆದುಕೊಳ್ಳಬೇಕು.