ಜೋಳ, ತೊಗರಿ, ಒಂದು ಜರಡಿ: ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಪಾಠ

ನಾನು ಕಲಬುರಗಿ ಜಿಲ್ಲೆಯ ಸೇಡಂ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸೂಕ್ಷ್ಮಜೀವಿಗಳ ಪಾಠ ಬಂದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಸರ, ಕ್ರಿಮಿಗೆ ಗುಳಿಗಿ ರೂಢಿ ಆಗಿಬಿಡ್ತದಲ್ರಿ?’ ರೂಢಿ ಅಲ್ಲಪ್ಪ ಅಂತ ಬಾಯಲ್ಲಿ ಹೇಳಿದರೆ ಸಾಲದು. ಕೈಯಿಂದ ಮಾಡಿಸಿ.

ಬೇಕಾಗಿದ್ದು ಬಿಳಿಜೋಳ, ತೊಗರಿ, ಒಂದು ಪರಾತ, ಮತ್ತೆ ಜೋಳ ಇಳಿದು ತೊಗರಿ ನಿಲ್ಲುವಂಥ ಜರಡಿ. ಇಡೀ ತೊಗರಿಯೇ ಬೇಕು, ಬೇಳೆಯಾದರೆ ತೂತಿನಲ್ಲಿ ಜಾರಿಬಿಡುತ್ತದೆ.

95 ಜೋಳ, 5 ತೊಗರಿ ಎಣಿಸಿ ಹಾಕಿಸಿ. ಕಾಳು ಬ್ಯಾಕ್ಟೀರಿಯಾ, ಅದರಲ್ಲಿ ತೊಗರಿ ಔಷಧಕ್ಕೆ ಬಗ್ಗದ್ದು. ಜರಡಿ ಆಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುವ ಔಷಧ. ಮೊದಲು ಜರಡಿ ಮುಟ್ಟಬೇಡಿ. ಪ್ರತಿ ಕಾಳಿಗೂ ಅದೇ ಜಾತಿಯ ಇನ್ನೊಂದು ಸೇರಿಸಲಿ. 190 ಜೋಳ, 10 ತೊಗರಿ. ಸಂಖ್ಯೆ ಜಾಸ್ತಿಯಾಯ್ತು, ಪಾಲು ಬದಲಾಗಲಿಲ್ಲ. ಈ ಹಂತ ಬಿಟ್ಟರೆ ಜರಡಿ ಏನು ಮಾಡಿತು ಅನ್ನೋದೇ ಗೊತ್ತಾಗಲ್ಲ.

ಮತ್ತೆ 95, 5ರಿಂದ ಶುರು ಮಾಡಿ. ಜೋಳ ಮೂರರಲ್ಲೊಂದು ಪಾಲು ಉಳಿಯುವಷ್ಟೇ ಹಗುರಾಗಿ ಜರಡಿ ಆಡಿಸಿ, ಉಳಿದದ್ದನ್ನು ದುಪ್ಪಟ್ಟು ಮಾಡಿ. ಸುಮಾರು 64 ಜೋಳ, 10 ತೊಗರಿ. ಎರಡನೇ ಸಲ 42, 20. ಮೂರನೇ ಸಲ 28, 40. ಕರುಳಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಒಳ್ಳೆ ಆಹಾರ, ಬಿಸಿ ಸಿಕ್ಕರೆ 20 ನಿಮಿಷಕ್ಕೇ ಒಂದು ಎರಡಾಗುತ್ತದೆ ಅಂತ ಇಲ್ಲೇ ಹೇಳಿ.

ಈಗ ಕೇಳಿ, ಒಂದಾದರೂ ಜೋಳ ತೊಗರಿ ಆಯ್ತಾ? ನಮ್ಮ ಹುಡುಗಿಯೊಬ್ಬಳು ಕೆಳಗೆ ಬಿದ್ದ ಜೋಳವನ್ನು ಅಂಗೈಯಲ್ಲಿ ಹಿಡಿದು, ‘ಇವು ಏನೂ ಕಲ್ತಿಲ್ರಿ ಸರ, ಸತ್ತಾವ’ ಅಂದಳು. ನೈಸರ್ಗಿಕ ಆಯ್ಕೆ ಅಂದರೆ ಅದೇ. ತೊಗರಿ ಮೊದಲೇ ಇತ್ತು, ಜರಡಿ ಅದನ್ನು ಉಳಿಸಿತು. ಆ ಮೊದಲ ಐದು ಎಲ್ಲಿಂದ ಬಂದವು? ಬ್ಯಾಕ್ಟೀರಿಯಾ ಎರಡಾಗುವಾಗ ಡಿಎನ್‌ಎ ನಕಲಿನಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪಾಗುತ್ತದೆ. ಅಂಥ ಯಾವುದೋ ಒಂದು ತಪ್ಪು, ಔಷಧ ಹೋಗಿ ಕೂರುವ ಜಾಗದ ಆಕಾರವನ್ನೇ ಬದಲಿಸಿಬಿಡುತ್ತದೆ, ಆಗ ಔಷಧ ನಾಟಲ್ಲ.

ಈ ಆಟ ತೋರಿಸದ ಸಂಗತಿಯೊಂದಿದೆ, ಅದನ್ನೂ ಹೇಳಿಬಿಡಿ. ಬ್ಯಾಕ್ಟೀರಿಯಾ ಪ್ಲಾಸ್ಮಿಡ್ ಎಂಬ ಡಿಎನ್‌ಎಯ ಪುಟ್ಟ ಉಂಗುರವನ್ನು ಪಕ್ಕದ ಬೇರೆ ಜಾತಿಗೂ ದಾಟಿಸಬಲ್ಲದು. ಔಷಧ ತಡೆಯುವ ಶಕ್ತಿ ಹಾಗೆಯೂ ಹರಡುತ್ತದೆ.

ಆಮೇಲೆ ನೆಗಡಿ ಮಾತು ತೆಗೆಯಿರಿ. ನೆಗಡಿ ವೈರಸ್‌ನದು, ಅದಕ್ಕೆ ಆಂಟಿಬಯೋಟಿಕ್ ನಾಟಲ್ಲ. ಸುಮ್ನೆ ನುಂಗಿದರೆ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಮೇಲೆ ಜರಡಿ ಆಡುತ್ತದೆ, ಅಲ್ವಾ? ಮನೆಯಲ್ಲಿರುವ ಖಾಲಿ ಗುಳಿಗೆ ಪಟ್ಟಿ ತರಿಸಿ. ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಇಲ್ಲದೆ ಕೊಳ್ಳಬಾರದು. ಗೆರೆ ಇದ್ದದ್ದೆಲ್ಲ ಆಂಟಿಬಯೋಟಿಕ್ ಅಲ್ಲ, ಹೆಸರು ಓದಿಸಿ ಬೇರೆ ಮಾಡಿಸಿ. ಗುಳಿಗೆ ಉಳಿದಿರುವ ಪಟ್ಟಿ ಮಾತ್ರ ಶಾಲೆಗೆ ಬೇಡ.