ಡಿಎಪಿಯಾ, ಸೂಪರಾ, ಶಿಲಾರಂಜಕವಾ? ಮೊದ್ಲು ಮಣ್ಣಿನ ರಿಪೋರ್ಟ್ ನೋಡಿ

ಸೊಸೈಟಿಗೆ ಡಿಎಪಿ (ರಂಜಕ ಅಂದ್ರೆ ಫಾಸ್ಫರಸ್, ಜೊತೆಗೆ ಸಾರಜನಕ ಇರುವ ಗೊಬ್ಬರ) ಬಂದಿದೆ ಅಂತ ಸುದ್ದಿ ಆದ್ರೆ ಸಾಕು, ನಮ್ಮ ಉಡುಪಿ ಕಡೆ ಎಲ್ರೂ ಹೋಗಿ ಎರಡೆರಡು ಚೀಲ ತರ್ತೇವೆ, ತೋಟಕ್ಕೆ ರಂಜಕ ಬೇಕಾ ಬೇಡ್ವಾ ಅಂತ ನೋಡುದೇ ಇಲ್ಲ. ನಮ್ಮದು ಮುರಕಲ್ಲಿನ ಹುಳಿ ಮಣ್ಣು, ಹಾಕಿದ ರಂಜಕವನ್ನು ಮಣ್ಣಲ್ಲಿರುವ ಕಬ್ಬಿಣ, ಅಲ್ಯುಮಿನಿಯಂ ಹಿಡಿದಿಟ್ಟುಕೊಳ್ತದೆ, ಗಿಡಕ್ಕೆ ಸಿಗುದು ಸ್ವಲ್ಪವೇ.

ಮಣ್ಣು ತೆಗೀಲಿಕ್ಕೆ ಮಳೆಗೆ ಮೊದ್ಲು, ಏಪ್ರಿಲ್-ಮೇ ಒಳ್ಳೇದು. ಗದ್ದೆಯಲ್ಲಿ ಎಂಟತ್ತು ಕಡೆ ವಿ ಆಕಾರದಲ್ಲಿ ಆರಿಂಚು ಗುಂಡಿ ತೋಡಿ, ಬದಿಯಿಂದ ಮೇಲಿಂದ ಕೆಳಗಿನ ತನಕ ಒಂದೇ ದಪ್ಪಕ್ಕೆ ಕೆರೆದು ತೆಗೀರಿ, ಅಡಿಕೆ ತೋಟ ಆದ್ರೆ ಒಂದಡಿ ಆಳ ಬೇಕು. ಗೊಬ್ಬರದ ರಾಶಿ ಹತ್ರದ್ದು, ಗದ್ದೆ ಅಂಚಿನದ್ದು ಬೇಡ. ಕಲಸಿ ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಸಾಕು, ಬೈಲು ಗದ್ದೆಯದ್ದು ಒಂದು ತೊಟ್ಟೆ, ತೋಟದ್ದು ಇನ್ನೊಂದು. ಎಲ್ಲಿ ಕೊಡುದು ಅಂತ ಬ್ರಹ್ಮಾವರದ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕೊಡುವಾಗ್ಲೇ ರಂಜಕಕ್ಕೆ ಬ್ರೇ ವಿಧಾನದಲ್ಲಿ ಟೆಸ್ಟ್ ಮಾಡ್ತೀರಾ ಅಂತ ವಿಚಾರಿಸಿ, ಹುಳಿ ಮಣ್ಣಿಗೆ ಅದೇ ಸರಿ, ಓಲ್ಸನ್ ವಿಧಾನ ಇರುದು ಸುಣ್ಣದಂಶದ ಮಣ್ಣಿಗೆ.

ರಿಪೋರ್ಟ್ ಬಂದ ಮೇಲೆ ಪಿಎಚ್ (ಮಣ್ಣಿನ ಹುಳಿ ಹೇಳುವ ಅಂಕೆ, ಕಡಿಮೆ ಆದಷ್ಟು ಹುಳಿ ಜಾಸ್ತಿ) ಮತ್ತು ರಂಜಕ ಎರಡನ್ನೂ ಒಟ್ಟಿಗೆ ಓದಿ. ರಂಜಕದ ಲೆಕ್ಕ ಪಿ (ಬರೀ ರಂಜಕ) ಅಂತ ಇದ್ರೆ 2.29ರಿಂದ ಗುಣಿಸಿ, ಆಗ ಗೊಬ್ಬರದ ಚೀಲದ ಮೇಲಿರುವ ಪಿ2ಒ5 (ಆಮ್ಲಜನಕ ಸೇರಿದ ರಂಜಕ) ಲೆಕ್ಕಕ್ಕೆ ಬರ್ತದೆ, ಮುಂದೆ ರಂಜಕ ಅಂತ ಕೊಟ್ಟ ಅಂಕೆಗಳೆಲ್ಲ ಇದೇ ಲೆಕ್ಕದ್ದು. ಹೆಕ್ಟೇರಿಗೆ ಸುಮಾರು 23 ಕೆಜಿಗಿಂತ ಕಡಿಮೆ ಆದ್ರೆ ಕೊರತೆ, 57 ದಾಟಿದ್ರೆ ಜಾಸ್ತಿ. ಜಾಸ್ತಿ ಇದ್ರೆ ದಯವಿಟ್ಟು ಆ ವರ್ಷ ರಂಜಕಕ್ಕೆ ದುಡ್ಡು ಹಾಕ್ಬೇಡಿ, ಹಟ್ಟಿಗೊಬ್ಬರದಲ್ಲಿ ಬರುದೇ ಸಾಕು.

ಕೊರತೆ ಇದ್ರೆ ಮಾತ್ರ ಹೋಲಿಕೆ. ಪಿಎಚ್ 5.5ಕ್ಕಿಂತ ಕೆಳಗಿದ್ದು ಅಡಿಕೆ, ತೆಂಗಿನಂಥ ಬಹುಕಾಲದ ಬೆಳೆ ಆದ್ರೆ ಶಿಲಾರಂಜಕವೇ (ರಾಕ್ ಫಾಸ್ಫೇಟ್, ರಂಜಕ ಇರುವ ಕಲ್ಲಿನ ಪುಡಿ) ಒಳ್ಳೇದು, ಹುಳಿಯಲ್ಲೇ ಅದು ನಿಧಾನಕ್ಕೆ ಕರಗುದು. ನಾಲ್ಕು ತಿಂಗಳ ಭತ್ತಕ್ಕೆ ಅಷ್ಟು ಕಾಯ್ಲಿಕ್ಕೆ ಆಗುದಿಲ್ಲ, ಅಲ್ಲಿ ನೀರಲ್ಲಿ ಬೇಗ ಕರಗುವ ಸೂಪರ್ (ಸೂಪರ್ ಫಾಸ್ಫೇಟ್) ಅಥವಾ ಡಿಎಪಿ ಬೇಕು. ಸೂಪರಲ್ಲಿ 11 ಪರ್ಸೆಂಟ್ ಗಂಧಕ, ಜೊತೆಗೆ ಕ್ಯಾಲ್ಸಿಯಂ ಕೂಡ ಉಂಟು.

ರೇಟ್ ಹೋಲಿಸುವಾಗ ಚೀಲದ ಬೆಲೆ ನೋಡ್ಬೇಡಿ, ಒಂದು ಕೆಜಿ ರಂಜಕಕ್ಕೆ ಎಷ್ಟು ಬೀಳ್ತದೆ ನೋಡಿ. 1,350 ರೂಪಾಯಿಯ ಡಿಎಪಿ ಚೀಲದಲ್ಲಿ 23 ಕೆಜಿ ರಂಜಕ, 9 ಕೆಜಿ ಸಾರಜನಕ. ಆ ಸಾರಜನಕವನ್ನು ಯೂರಿಯಾದಲ್ಲಿ ತಂದ್ರೆ ಸುಮಾರು 116 ರೂಪಾಯಿ ಆಗ್ತದೆ, ಅದನ್ನು ಕಳೆದ್ರೆ ರಂಜಕಕ್ಕೆ ಕೆಜಿಗೆ 54 ರೂಪಾಯಿ ಬಿತ್ತು. 50 ಕೆಜಿ ಸೂಪರಲ್ಲಿ ಇರುದು 8 ಕೆಜಿ, ಅಂದ್ರೆ ಚೀಲ 430ಕ್ಕಿಂತ ಕಡಿಮೆಗೆ ಸಿಕ್ಕಿದ್ರೆ ಸೂಪರ್ ಲಾಭ, ಗಂಧಕ ಬೇರೆ ಪುಕ್ಕಟೆ.

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 40 ಗ್ರಾಂ ರಂಜಕದ ಶಿಫಾರಸು ಉಂಟು. ಅದಕ್ಕೆ ಸೂಪರ್ ಆದ್ರೆ 250 ಗ್ರಾಂ, ಶಿಲಾರಂಜಕ 200ರಿಂದ 220, ಡಿಎಪಿ ಬರೀ 87 ಗ್ರಾಂ. ಡಿಎಪಿ ಹಾಕಿದ್ರೆ ಯೂರಿಯಾದಲ್ಲಿ 34 ಗ್ರಾಂ ಕಡಿಮೆ ಮಾಡಿ.

ಇನ್ನೊಂದು, ಸುಣ್ಣ ಹಾಕುವವರು ಶಿಲಾರಂಜಕದ ಒಟ್ಟಿಗೆ ಹಾಕ್ಬೇಡಿ, ಹುಳಿ ಕಡಿಮೆ ಆದ್ರೆ ಅದು ಕರಗುದೇ ಇಲ್ಲ. ಮೊದ್ಲು ಶಿಲಾರಂಜಕ ಮಣ್ಣಿಗೆ ಸೇರಲಿ, ಸುಣ್ಣಕ್ಕೆ ಕೆಲವು ತಿಂಗಳು ಬಿಟ್ಟು ಕೈ ಹಾಕಿ.