ಉದುರಿದ ಕಾರ್ನಿಸ್ ಮತ್ತೆ ಎಳೆದ ಬಗೆ

ಇಂಗ್ಲೆಂಡಿನ ಬಾತ್ ನಗರದಲ್ಲಿ 1780ರ ದಶಕದ ಸಾಲುಮನೆಯೊಂದು. ನೀರು ಸೋರಿ, ಗೋಡೆ ಚಾವಣಿಗೆ ಕೂಡುವಲ್ಲಿ ನಾಲ್ಕಡಿ ಗಾರೆಯ ಕಾರ್ನಿಸ್, ಅಂದರೆ ಅಲಂಕಾರದ ಅಂಚುಪಟ್ಟಿ, ಉದುರಿತ್ತು. ಆ ಕಾಲದ ವಾಸ್ತುಶಿಲ್ಪಿ ರಾಬರ್ಟ್ ಆಡಮ್ ರೂಢಿಗೆ ತಂದ ಶೈಲಿಯಲ್ಲಿ ಉಬ್ಬು ಕಡಿಮೆ, ಗೆರೆ ಸಣ್ಣ. ಎತ್ತರದ ಕಿಟಕಿಯಿಂದ ಓರೆ ಬೆಳಕು ಬಿದ್ದರೆ ಒಂದು ಮಿಲಿಮೀಟರ್ ತಪ್ಪೂ ನೆರಳಾಗಿ ಕಾಣುತ್ತದೆ.

ಆದ್ದರಿಂದ ಅಳತೆಗೆ ಮೊದಲು, ಗೆರೆ ಮುಚ್ಚಿದ್ದ ಬಣ್ಣ ತೆಗೆದೆವು. ಹಳೆಯ ಡಿಸ್ಟೆಂಪರ್ (ಸೀಮೆಸುಣ್ಣ, ಅಂಟು ಬೆರೆಸಿದ ಬಣ್ಣ) ಬಿಸಿನೀರಿಗೆ ಮೆತ್ತಗಾಗುತ್ತದೆ. ಮರದ ಕಡ್ಡಿಯಿಂದ ಕೆರೆದರೆ ಸಾಕು. ಒಣ ಉಜ್ಜುಕಾಗದ ಬೇಡವೇ ಬೇಡ, ಎಣ್ಣೆಬಣ್ಣದ ಪದರದಲ್ಲಿ ಸೀಸವಿರಬಹುದು. ಉದುರಿದ ತುಂಡೊಂದನ್ನು ಅಡ್ಡ ಕೊಯ್ದು, ಆ ಮುಖವನ್ನು ಸತುವಿನ ತಗಡಿನ ಮೇಲೆ ಗೀರಿ, ಕತ್ತರಿಸಿ, ಅರದಿಂದ ನಯ ಮಾಡಿ ಮರದ ಚೌಕಟ್ಟಿಗೆ ಬಿಗಿದೆವು.

ಇದೇ ಅಚ್ಚು; ಹಸಿ ಗಾರೆಯ ಮೇಲೆ ಎಳೆದರೆ ಕಾರ್ನಿಸ್ ರೂಪುಗೊಳ್ಳುತ್ತದೆ. ಅದು ಜಾರಲು ಗೋಡೆಗೆ ಮರದ ಪಟ್ಟಿ ಹೊಡೆಯಬೇಕು. ಹೆಚ್ಚು ಜನ ಎಡವುವುದು ಇಲ್ಲೇ: ಮಟ್ಟಗೋಲು ನೋಡಿ ಹೊಡೆಯುತ್ತಾರೆ. ಇನ್ನೂರು ವರ್ಷದ ಚಾವಣಿ ಇಳಿದಿರುತ್ತದೆ, ಪಟ್ಟಿಯೂ ಆ ಇಳಿತವನ್ನೇ ಅನುಸರಿಸಬೇಕು. ಮೇಜಿನ ಮೇಲೆ ಎರಕ ಹೊಯ್ದ ನೇರ ತುಂಡು ನನಗೆ ಒಪ್ಪಿಗೆಯಾಗದ್ದೂ ಇದಕ್ಕೇ.

ಒಳಗಾರೆಗೆ ಮೂರು ತಿಂಗಳಿಗೂ ಹೆಚ್ಚು ನೆನೆದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ದನದ ಕೂದಲು; ಬಳಸುವ ಹೊತ್ತಿಗೆ ಸ್ವಲ್ಪ ಪ್ಲಾಸ್ಟರ್ ಆಫ್ ಪ್ಯಾರಿಸ್. ಸಿಮೆಂಟ್ ಬೇಡ, ಅದು ಗಾರೆಯ ಹಿಂದಿನ ಮರದ ರೀಪುಗಳೊಂದಿಗೆ ಬಾಗುವುದಿಲ್ಲ. ಒಳಗಾರೆ ಎಳೆಯುವಾಗ ತಗಡಿನ ಅಂಚಿಗೆ ಆರು ಮಿಲಿಮೀಟರ್ ದಪ್ಪದ ಹೊದಿಕೆ ಕೊಡಬೇಕು. ಅಷ್ಟು ಜಾಗ ಉಳಿಯದಿದ್ದರೆ, ಗಟ್ಟಿಯಾಗುತ್ತಾ ಉಬ್ಬುವ ಪ್ಲಾಸ್ಟರ್‌ನಲ್ಲಿ ಅಚ್ಚು ಸಿಕ್ಕಿಹಾಕಿಕೊಳ್ಳುತ್ತದೆ.

ಹೊದಿಕೆ ತೆಗೆದು ಎಳೆಯುವ ಮೇಲಿನ ಪದರಕ್ಕೆ ಮರಳಿಲ್ಲ. ಹಲಗೆಯ ಮೇಲೆ ಸುಣ್ಣದ ಬಳೆ ಕಟ್ಟಿ, ನಡುವೆ ನೀರು ಹೊಯ್ದು, ಸುಣ್ಣದ ಅರ್ಧದಷ್ಟು ಪ್ಲಾಸ್ಟರ್ ಉದುರಿಸಿ ಕಲಸಬೇಕು. ಮೊದಲ ಎಳೆತದಲ್ಲಿ ಅಲ್ಲಲ್ಲಿ ಹರಿದು ತೂತು ಬೀಳುತ್ತದೆ, ಗಾಬರಿ ಬೇಡ. ತೂತಿಗೆ ತುಂಬಿ ಮತ್ತೆ ಎಳೆಯಿರಿ. ಮೂರ್ನಾಲ್ಕು ಸಲಕ್ಕೆ ಗಾರೆ ಕೈಗೆ ಬೆಚ್ಚಗೆ ತಾಗಿ ಗೆರೆಗಳು ಚೂಪಾಗುತ್ತವೆ. ನಡುವೆ ನಿಂತರೆ ಅಡ್ಡಗೆರೆ ಖಚಿತ. ಬಿಗಿದುಕೊಂಡ ಮಿಶ್ರಣಕ್ಕೆ ನೀರು ಹಾಕಿ ಕಲಸಿದರೆ ಅದು ಮತ್ತೆ ಗಟ್ಟಿಯಾಗುವುದಿಲ್ಲ, ಎಸೆಯಬೇಕು.

ಹಳೆಯದಕ್ಕೆ ಸೇರುವ ತುದಿಗಳಿಗೆ ಅಚ್ಚು ತಲುಪದು. ಅಲ್ಲಿ ಉಕ್ಕಿನ ಪಟ್ಟಿ ಹಿಡಿದು ಕೈಯಲ್ಲೇ ತಿದ್ದಿದೆವು. ಕಾರ್ನಿಸ್‌ನ ಹಲ್ಲುಸಾಲಿನ (ಹಲ್ಲಿನಂತೆ ಸಾಲಾಗಿ ನಿಂತ ಚೌಕ ಅಲಂಕಾರದ) ತುಣುಕುಗಳನ್ನು ಬೇರೆ ಎರಕ ಹೊಯ್ದು ಅಂಟಿಸಿದ್ದಾಯಿತು. ಗಾರೆ ಪೂರ್ತಿ ಒಣಗಿದ ಮೇಲೆ ಡಿಸ್ಟೆಂಪರ್ ತೆಳ್ಳಗೆ ಎರಡು ಸಲ. ದಪ್ಪ ಎಮಲ್ಷನ್ ಬಳಿದರೆ ಗೆರೆ ಮತ್ತೆ ಮುಚ್ಚಿಹೋಗುತ್ತದೆ.